ಕಲ್ಲಿನ ಅಡ್ರೆಸ್ಸಲ್ಲಿ ಸಿಕ್ಕ ನಮ್ಮ ಪಟೇಲಜ್ಜ

ಪೌತಿ ಖಾತೆ ಮಾಡ್ಸೋಕೆ, ಅಂದ್ರೆ ತೀರಿಕೊಂಡೋರ ಹೆಸರಲ್ಲಿರೋ ಜಮೀನು ವಾರಸುದಾರರ ಹೆಸರಿಗೆ ಮಾಡ್ಸೋಕೆ, ವಂಶವೃಕ್ಷ ಬೇಕಾಗಿತ್ತು. ಅಜ್ಜನಿಂದ ಕೆಳಗೆ ಬರ್ಕೊಟ್ರೆ ಸಾಕಿತ್ತು, ಆದ್ರೆ ನಂಗೆ ತಲೇಲಿ ಹುಳ ಬಿಟ್ಟಂಗಾಯ್ತು, ಅಜ್ಜನ ಅಪ್ಪನ ಅಪ್ಪ ಯಾರು ಅಂತ. ದೊಡ್ಡಪ್ಪನ್ನ ಕೇಳಿದ್ರೆ ಒಂದು ಹೆಸರು ಹೇಳಿ "ಪಟೇಲರಾಗಿದ್ರಂತೆ ಕಣೋ, ಅಷ್ಟೇ ಗೊತ್ತು" ಅಂದ್ರು.

ನಮ್ಮೂರು ಸಕಲೇಶಪುರದ ಹತ್ರ, ನಾನಿರೋದು ಹಾಸನದಲ್ಲಿ. ರಾತ್ರಿ ಊಟ ಆದ್ಮೇಲೆ ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟ್ ತೆಗೆದು ಕೂರ್ತಿದ್ದೆ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವ್ರು ಸ್ಕ್ಯಾನ್ ಮಾಡಿದ್ದ ಹಳೇ ಪುಸ್ತಕಗಳು ರಾಶಿಗಟ್ಲೆ ಅಲ್ಲಿವೆ, ಕಾಸು ಕೊಡೋ ಹಂಗಿಲ್ಲ. ಮೊದಲನೇ ವಾರ ಪೂರ್ತಿ ದಂಡ, ಯಾಕಂದ್ರೆ ಸಕಲೇಶಪುರ ಅಂತ ಹುಡುಕ್ತಿದ್ದೆ, ಆಗಿನ ತಾಲ್ಲೂಕಿನ ಹೆಸರು ಮಂಜರಾಬಾದ್ ಅಲ್ವಾ, ಕೋಟೆ ನೋಡೋಕೆ ಅಷ್ಟು ಸಲ ಹೋಗಿದೀನಿ, ಹೊಳೀಲೇ ಇಲ್ಲ. ಚಿಕ್ಕಮಗಳೂರಿನವ್ರೂ ಅಷ್ಟೇ, ಕಡೂರು ಜಿಲ್ಲೆ ಅಂತ ಹುಡುಕಿ, 1947ರ ತನಕ ಜಿಲ್ಲೆ ಹೆಸರೇ ಅದು.

ನಂಗೆ ಕೈ ಹಿಡಿದಿದ್ದು ಎಪಿಗ್ರಾಫಿಯಾ ಕರ್ನಾಟಿಕಾ, ಹಳೇ ಶಾಸನಗಳನ್ನ ಜಿಲ್ಲೆವಾರು ಸೇರಿಸಿ ಅಚ್ಚು ಹಾಕಿರೋ ಸಂಪುಟಗಳು. ಬಿ.ಎಲ್. ರೈಸ್ ಅವ್ರದ್ದು, ಹಾಸನ ಜಿಲ್ಲೆದು 5ನೇ ಸಂಪುಟ, 1902ರದ್ದು, ಕಡೂರು ಜಿಲ್ಲೆದು 6ನೇದು, 1901. ಹೊಯ್ಸಳರ ದಾನದತ್ತಿ ಓದ್ಕೊಂಡು ನಮ್ಮನೆ ಕಥೆ ಎಲ್ಲಿ ಸಿಗುತ್ತೆ ಅನ್ಬೇಡಿ, ನಾನೂ ಹಂಗೇ ಅಂದ್ಕೊಂಡಿದ್ದೆ. ಶಾಸನ ಬಿಟ್ಬಿಡಿ, ಅದರ ತಲೆ ಮೇಲಿರೋ ಸಣ್ಣ ಸಾಲು ನೋಡಿ. ಕಲ್ಲು ಎಲ್ಲಿದೆ ಅಂತ ಅಡ್ರೆಸ್ ಬರೆದಿರ್ತಾರೆ: ಅದೇ ಹೋಬಳಿ, ಇಂಥಾ ಊರು, ಇಂಥವನ ಗದ್ದೇಲಿರೋ ಕಲ್ಲು. ತಾಮ್ರಶಾಸನ ಆದ್ರೆ ಇಂಥಾ ಶ್ಯಾನುಭೋಗರ ಹತ್ರ ಇದೆ ಅಂತ. ರಾಜನ ಹೆಸರು ಹುಡ್ಕೋರಿಗೆ ಅದು ಬೇಡದ ಸಾಲು, ನಮ್ಮಂಥೋರಿಗೆ ಅದೇ ಬಂಗಾರ.

ಸರ್ಚ್ ಬಾಕ್ಸ್ ನಂಬ್ಕೋಬೇಡಿ. ಇಂಗ್ಲಿಷ್ ಭಾಗದಲ್ಲಿ ಊರ ಹೆಸರಿನ ಅಕ್ಷರದ ಮೇಲೆ ಕೆಳಗೆ ಗೆರೆ ಚುಕ್ಕಿ ಇಟ್ಟಿರ್ತಾರೆ, ಕಂಪ್ಯೂಟರ್ ಅದನ್ನ ಏನೇನೋ ಓದ್ಕೊಳುತ್ತೆ, ಕನ್ನಡ ಭಾಗ ಅಂತೂ ನಂಗೆ ಒಂದ್ ಪದಾನೂ ಸಿಗ್ಲಿಲ್ಲ. ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಕೊಟ್ಟಿದ್ದಾರೆ, ಹಂಗಾಗಿ ಪಿಡಿಎಫ್ ಇಳಿಸ್ಕೊಂಡು ತಾಲ್ಲೂಕು ಶುರುವಾಗೋ ಪುಟ ಹಿಡಿದು ಒಂದೊಂದೇ ಪುಟ ತಳ್ತಾ ಹೋದೆ. ನಾಲ್ಕನೇ ರಾತ್ರಿ ನಮ್ಮೂರು ಸಿಕ್ತು. ಪಟೇಲ ಅಂತ ಇದೆ, ಮುಂದೆ ಎರಡಕ್ಷರ, ಉಳಿದಿದ್ದು ಬೈಂಡಿಂಗ್ ಒಳಗೆ ಹೋಗಿದೆ, ಪುಟ ಸೊಟ್ಟಗಿಟ್ಟು ಸ್ಕ್ಯಾನ್ ಮಾಡಿದ್ದಾರೆ ಪುಣ್ಯಾತ್ಮರು. ಅದೇ ಸಂಪುಟದ್ದು ಇನ್ನೊಂದು ಸ್ಕ್ಯಾನ್ ಹುಡುಕಿ ತೆಗೆದೆ, ಅದ್ರಲ್ಲಿ ಪೂರ್ತಿ ಇತ್ತು. ದೊಡ್ಡಪ್ಪ ಹೇಳಿದ್ದ ಹೆಸರೇ.

ಆದ್ರೂ ಕುಣಿದಾಡ್ಲಿಲ್ಲ, ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ, ಇವ್ರು ಯಾವ ತಲೆಮಾರಿನೋರು ಅಂತ ಹೆಂಗೆ ಹೇಳೋದು? ಅಟ್ಟದಲ್ಲಿದ್ದ ಹಳೇ ಲೆಕ್ಕದ ಪುಸ್ತಕದಲ್ಲಿ "ಶೋಭಕೃತು ಸಂವತ್ಸರ, ಪಟೇಲರು ತೀರಿಕೊಂಡರು" ಅಂತ ಒಂದು ಸಾಲಿತ್ತು, ಇಸವಿ ಇಲ್ಲ. ಸಂವತ್ಸರ 60 ವರ್ಷಕ್ಕೊಂದು ಸಲ ಬರುತ್ತೆ, 2023ರ ಯುಗಾದಿಗೆ ಬಂದಿದ್ದು ಶೋಭಕೃತು, ಹಿಂದಕ್ಕೆ ಹೋದ್ರೆ 1963, 1903, 1843. 1963ರಲ್ಲಿ ಅಜ್ಜನೇ ಯಜಮಾನ್ರು. 1843ರಲ್ಲಿ ಹೋದೋರ ಹೆಸರಲ್ಲಿ 1902ರ ಪುಸ್ತಕ ಗದ್ದೆ ತೋರಿಸೋದು ಅನುಮಾನ. ಹಂಗಾಗಿ 1903ನೇ ಇಸವಿ ಅಂತ ಇಟ್ಕೊಂಡಿದೀನಿ, ಪೆನ್ಸಿಲ್‌ನಲ್ಲಿ.

ಆ ಕಲ್ಲು ಈಗ್ಲೂ ಇದೆ ಕಣ್ರೀ, ವೀರಗಲ್ಲು, ಗದ್ದೆ ಬದುವಿನಲ್ಲಿ. ನಾವು ಚಿಕ್ಕೋರಿದ್ದಾಗ ಈಜಾಡಿ ಬಂದು ಒದ್ದೆ ಚಡ್ಡಿ ಒಣಗಾಕ್ತಿದ್ದಿದ್ದು ಅದರ ಮೇಲೇ. ದೊಡ್ಡಪ್ಪಂಗೆ ಪುಟದ ಫೋಟೋ ವಾಟ್ಸಾಪ್ ಮಾಡಿದೆ, ಸಂಜೆ ಫೋನ್ ಮಾಡಿ "ಹೆಸರೇನೋ ಸರಿಯಾಗೈತೆ, ಗದ್ದೆ ಸರ್ವೆ ನಂಬರ್ ಕೊಟ್ಟಿಲ್ವಾ?" ಅಂದ್ರು.

ಪಟೇಲಜ್ಜನ ಹೆಂಡತಿ ಹೆಸರು ಮಾತ್ರ ಎಲ್ಲೂ ಇಲ್ಲ, ಗದ್ದೆ ಅವರ ಹೆಸರಲ್ಲಿ ಇರ್ಲಿಲ್ವಲ್ಲ. ತವರು ಮೂಡಿಗೆರೆ ಕಡೆ ಅಂತೆ, ಸೋದರತ್ತೆ ಹೇಳಿದ್ದು. 6ನೇ ಸಂಪುಟ ಇಳಿಸಿಟ್ಟಿದೀನಿ, ಮೂಡಿಗೆರೆ ಭಾಗ ಇನ್ನೂ ತೆಗೆದಿಲ್ಲ.