ಜಿಲೇಬಿ ಮೀನು ಹೊಕ್ಕ ಕೆರೆಗೆ ಒಂದು ಒಣ ಬೇಸಿಗೆ

ವಿಜಯಪುರ ಜಿಲ್ಲೆಯ ಎಷ್ಟೋ ಕೆರೆಗಳು ಹಿಂದೆ ಏಪ್ರಿಲ್ ಹೊತ್ತಿಗೆ ಬತ್ತಿ, ತಳದ ಎರೆ ಮಣ್ಣು ಬಿರುಕು ಬಿಡುತ್ತಿತ್ತು. ಕೃಷ್ಣೆಯ ನೀರೆತ್ತಿ ಕೆರೆ ತುಂಬಿಸತೊಡಗಿದ ಮೇಲೆ ಬೋರುಗಳಿಗೆ ಜೀವ ಬಂತು, ದನಕರುಗಳ ಬವಣೆ ನೀಗಿತು. ಜತೆಗೇ ಬೇಸಿಗೆಯ ಒಣಗು ತಪ್ಪಿತು. ಕಾಲುವೆಯ ನೀರಿನಲ್ಲೋ, ಮೀನುಮರಿಯ ಚೀಲದಲ್ಲೋ ಬಂದ ತಿಲಾಪಿಯಾ, ಅಂದರೆ ಜಿಲೇಬಿ ಮೀನು, ಸಾಮಾನ್ಯ ಗೆಂಡೆ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಅಲ್ಲೇ ಬೇರೂರಿದವು. ನೀರು ಕದಡಿ ಪಾಚಿಗಟ್ಟುವ ಇಂಥ ಕೆರೆಗೆ ಒಂದು ಪೂರ್ತಿ ಒಣ ಬೇಸಿಗೆಯೇ ದೊಡ್ಡ ಮದ್ದು.

ಮೊದಲು ಬಾಟಲಿ ಪರೀಕ್ಷೆ

ಕೆರೆಯ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ತುಂಬಿ ಅಲುಗಾಡಿಸದೆ ಇಡಿ. ಮರುದಿನಕ್ಕೆ ತಿಳಿಯಾದರೆ, ಕೆರೆಯ ತಳವನ್ನು ಏನೋ ಕಲಕುತ್ತಲೇ ಇದೆ ಎಂದರ್ಥ. ಹೆಚ್ಚಾಗಿ ಅದು ಗೆಂಡೆ. ಹುಳು ಹುಡುಕುತ್ತ ಕೆಸರನ್ನು ಬಾಯಿಗೆ ಎಳೆದು ಉಗುಳುವುದೇ ಅದರ ಕಸುಬು. ಆಗ ತಳದಲ್ಲಿ ಕೂತಿದ್ದ ರಂಜಕ (ಫಾಸ್ಫರಸ್) ಮೇಲೆದ್ದು ಪಾಚಿಗೆ ಉಣಿಸಾಗುತ್ತದೆ. ನೀರು ಹಸಿರಾಗಿಯೇ ಉಳಿದರೆ ಗಟಾರದ ಕೊಳೆ ಅಥವಾ ಹೊಲದ ಗೊಬ್ಬರ ಸೇರುತ್ತಿದೆ. ವಾರವಾದರೂ ಕೆಸರು ಇಳಿಯದಿದ್ದರೆ ಅದು ಎರೆಯ ನುಣುಪು ಜೇಡಿ. ಆಗ ಕೆಲಸ ಶುರುವಾಗಬೇಕಾದ್ದು ಕೆರೆಯಲ್ಲಲ್ಲ, ಮೇಲಿನ ಹೊಲಗಳ ಬದುಗಳಲ್ಲಿ.

ಗಟಾರಕ್ಕೆ ತಡೆ

ಕೊಳೆ ನಿಲ್ಲದೆ ಮೀನು ತೆಗೆದರೆ ಎರಡನೇ ವರ್ಷಕ್ಕೆ ಮತ್ತೆ ಪಾಚಿ. ಬಚ್ಚಲು, ಅಡುಗೆಮನೆ ನೀರು ಬರುವ ಬಾಯಿಯಲ್ಲಿ ಒಂದು ದಿನದ ನೀರು ನಿಲ್ಲುವಷ್ಟು ಹೂಳುಗುಂಡಿ ತೋಡಿ, ಅದರ ಮುಂದೆ 60 ಸೆಂ.ಮೀ. ಆಳದ ಖಡಿ ಹಾಸು ಮಾಡಿ ಜೊಂಡು ನೆಡಿ. ತಲೆಗೆ 1ರಿಂದ 2 ಚದರ ಮೀಟರ್ ಲೆಕ್ಕ. 500 ಜನರ ಓಣಿಗೆ ಕನಿಷ್ಠ 500 ಚದರ ಮೀಟರ್ ಬೇಕು. ನೀರು ಒಳಬರುವ ಮತ್ತು ಹೊರಹೋಗುವ ತುದಿಗಳಲ್ಲಿ 40ರಿಂದ 80 ಮಿ.ಮೀ. ಕಲ್ಲು, ನಡುವೆ 10ರಿಂದ 20 ಮಿ.ಮೀ. ಖಡಿ. ಇಂಥ ಹಾಸು ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಹೂಳುಗುಂಡಿಯನ್ನು ಯಾರೂ ಬಳಿಯುವುದಿಲ್ಲ, ಜಿಡ್ಡು ಖಡಿಯ ಸಂದಿಗೆ ಕೂತು ನೀರು ಮೇಲೆಯೇ ಹರಿಯುತ್ತದೆ. ಪಾಯಿಖಾನೆಯ ನೀರು ಸೇರುತ್ತಿದ್ದರೆ ಈ ಅಳತೆ ಸಾಲದು, ಎಂಜಿನಿಯರರಿಂದಲೇ ಲೆಕ್ಕ ಹಾಕಿಸಿ.

ಒಣಗಿಸುವುದು

ಗ್ರಾಮಸಭೆಯ ಒಪ್ಪಿಗೆ, ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಇಲಾಖೆಯ ಅನುಮತಿ, ಮೀನು ಗುತ್ತಿಗೆ ಹಿಡಿದವರ ಸಮ್ಮತಿ ಮೂರೂ ಮೊದಲೇ ಬೇಕು. ಆ ಬೇಸಿಗೆ ದನಗಳಿಗೆ ಬೇರೆ ನೀರಿನ ವ್ಯವಸ್ಥೆ ಆಗದಿದ್ದರೆ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಿ. ಫೆಬ್ರುವರಿಯಿಂದ ಕಾಲುವೆ ನೀರು ಬಿಡದಂತೆ ಕೇಳಿಕೊಳ್ಳಿ. ಚಳಿಗಾಲಕ್ಕೆ ಬಂದ ಪಟ್ಟೆತಲೆ ಹೆಬ್ಬಾತುಗಳು ಹೊರಟ ಮೇಲೆ ತೂಬು ತೆರೆಯಿರಿ. ತೂಬಿನ ಬಾಯಿಗೆ ಬಲೆ ಕಟ್ಟದಿದ್ದರೆ ಈ ಪಿಡುಗು ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ.

ನೀರು ಇಳಿದಂತೆ ಎಳೆಬಲೆ ಹಾಕಿ ಮೀನು ಹಿಡಿಯಿರಿ. ಪರದೇಶಿ ಮೀನಿನ ಮುಕ್ಕಾಲು ಪಾಲಾದರೂ ಹೊರಬರಬೇಕು. ಅರ್ಧ ತೆಗೆದು ಬಿಟ್ಟರೆ ಉಳಿದವಕ್ಕೆ ಮೇವು ಹೆಚ್ಚಾಗಿ ಅವು ಮತ್ತಷ್ಟು ಬೇಗ ಬೆಳೆಯುತ್ತವೆ. ಸಿಕ್ಕ ಕೊರವ ಮೀನು ಮತ್ತಿತರ ನಾಡ ಮೀನುಗಳನ್ನು ಬೇರೆ ತೊಟ್ಟಿಯಲ್ಲಿ ಕಾಪಾಡಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕೆ ದೇಶದಲ್ಲಿ ನಿಷೇಧವಿದೆ, ಜೀವಂತ ಒಯ್ಯಲು ಯಾರಿಗೂ ಬಿಡಬೇಡಿ.

ಕಡೆಗೆ ಉಳಿಯುವ ಗುಂಡಿಗಳದ್ದೇ ಫಜೀತಿ. ಪಂಪಿನಿಂದ ಬತ್ತಿಸಲಾಗದ ಗುಂಡಿಗೆ ಮಾತ್ರ, ಮೀನುಗಾರಿಕೆ ಇಲಾಖೆಯವರ ಸಮ್ಮುಖದಲ್ಲಿ, ಮೀನಿಗೆ ನಂಜಾಗುವ ಹಿಪ್ಪೆ ಹಿಂಡಿಯನ್ನು ಘನ ಮೀಟರ್ ನೀರಿಗೆ 250 ಗ್ರಾಂನಂತೆ ಹಾಕಿ. 10 ಮೀಟರ್ ಉದ್ದ, 10 ಮೀಟರ್ ಅಗಲ, ಅರ್ಧ ಮೀಟರ್ ಆಳದ ಗುಂಡಿಗೆ ಹನ್ನೆರಡೂವರೆ ಕಿಲೊ. ರಾತ್ರಿ ನೆನೆಸಿ, ಬೆಳಿಗ್ಗೆ ಸಮನಾಗಿ ಎರಚಬೇಕು. ನಂಜು ಎರಡು ಮೂರು ವಾರ ಇರುತ್ತದೆ. ಸುತ್ತ ಬೇಲಿ ಕಟ್ಟಿ ದನಗಳನ್ನು ದೂರವಿಡಿ. ಕ್ಯಾಟ್‌ಫಿಶ್ ಗಾಳಿಯನ್ನೂ ಉಸಿರಾಡುತ್ತದೆ, ಹಸಿ ಕೆಸರಿನಲ್ಲಿ ಹುದುಗಿ ಬದುಕುತ್ತದೆ. ಹಾಗಾಗಿ ಮೇಲ್ಪದರ ಬಿರಿದರೆ ಸಾಲದು, ಬಿರುಕಿನೊಳಗೆ ಕೋಲು ಇಳಿಸಿದರೆ ಒಣಗಿ ಬರುವವರೆಗೆ ಕಾಯಿರಿ.

ಸುಣ್ಣ ಹಾಕುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಹುಳಿ ಮಣ್ಣಿಗೆ ಸರಿ. ನಮ್ಮ ಎರೆ ಭೂಮಿ ಮೊದಲೇ ಕ್ಷಾರ. ಸುಣ್ಣದಿಂದ ಕ್ಷಾರ ಏರಿದಷ್ಟೂ ನೀರಿನ ಅಮೋನಿಯಾ ವಿಷವಾಗುತ್ತದೆ. ದಯವಿಟ್ಟು ಹಾಕಬೇಡಿ. ಹೂಳನ್ನು ಹೊಲಕ್ಕೆ ಒಯ್ಯುವವರು ಕಪ್ಪು ಮೆತ್ತನೆ ಪದರಕ್ಕೇ ನಿಲ್ಲಿಸಲಿ, ಕೆಳಗಿನ ಗಟ್ಟಿ ಜೇಡಿ ಒಡೆದರೆ ನೀರು ನಿಲ್ಲದು.

ಮರಳಿ ತುಂಬಿಸುವಾಗ

ಪೈಪಿನ ಬಾಯಿಗೆ ಮೊದಲು 10 ಮಿ.ಮೀ. ಕಬ್ಬಿಣದ ಜಾಲರಿ, ಅದರ ಹಿಂದೆ 1 ಮಿ.ಮೀ. ನೈಲಾನ್ ಬಲೆಯ ಪೆಟ್ಟಿಗೆ. ಪೆಟ್ಟಿಗೆ ಪೈಪಿಗಿಂತ ಹಲವು ಪಟ್ಟು ಅಗಲವಿರಲಿ, ಇಲ್ಲವಾದರೆ ಕಸ ಕಟ್ಟಿ ಬಲೆ ಹರಿಯುತ್ತದೆ. ನೀರು ಬರುವಷ್ಟು ದಿನ ಪ್ರತಿದಿನ ತೊಳೆಯುವ ಆಳು ಗೊತ್ತುಮಾಡಿ. ಮಳೆಗಾಲದ ಹಳ್ಳಕ್ಕೆ ಇಂಥ ಬಲೆ ನಿಲ್ಲದು. ಅಲ್ಲಿ ಮೇಲಿನ ಕೃಷಿಹೊಂಡಗಳಲ್ಲಿ ತಿಲಾಪಿಯಾ ಇದೆಯೇ ಎಂದು ನೋಡಬೇಕು.

ಮೊದಲ ಮಳೆಗಾಲ ಮೀನು ಬಿಡಬೇಡಿ. ಅಂಚಿನಲ್ಲಿ ಜೊಂಡು, ಒಳಗೆ ನೈದಿಲೆ ಬೇರು ಬಿಡಲಿ. ಆಮೇಲೆ ಕಾಪಾಡಿಟ್ಟ ಕೊರವ ಮೀನು ಬಿಡಿ, ಅದು ತಿಲಾಪಿಯಾ ಮರಿಗಳನ್ನು ತಿನ್ನುತ್ತದೆ. ಗುತ್ತಿಗೆದಾರರ ದುಡಿಮೆಗೆ ಕಾಟ್ಲಾ, ರೋಹು ಸಾಕು. ಗೆಂಡೆಯೂ ಬೇಡ, ಗಿಡವನ್ನೇ ಮೇಯುವ ಹುಲ್ಲುಗೆಂಡೆಯೂ ಬೇಡ. ಸೊಳ್ಳೆಮರಿ ತಿನ್ನಲೆಂದು ಗಪ್ಪಿ, ಗಾಂಬೂಸಿಯಾ ಮೀನು ತರುವವರಿಗೂ ಈ ಕೆರೆಗೆ ಬಿಡಬೇಡಿ ಎಂದು ತಿಳಿಸಿ.

ತಿಂಗಳಿಗೊಮ್ಮೆ 20 ಸೆಂ.ಮೀ. ಅಗಲದ ಕಪ್ಪು ಬಿಳುಪು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನಡುಹಗಲು ಇಳಿಸಿ. 30 ಸೆಂ.ಮೀ.ಗಿಂತ ಮೊದಲೇ ಮರೆಯಾದರೆ ಮತ್ತೆ ಬಾಟಲಿ ಪರೀಕ್ಷೆ ಮಾಡಿ. ಕರಗಿದ ಆಮ್ಲಜನಕವನ್ನು ಸೂರ್ಯ ಹುಟ್ಟುವ ಮುನ್ನ ಅಳೆಯಿರಿ, ದಿನದಲ್ಲೇ ಅದು ಕಡಿಮೆ ಇರುವ ಹೊತ್ತದು. ಲೀಟರಿಗೆ 4 ಮಿಲಿಗ್ರಾಂಗಿಂತ ಇಳಿಯಬಾರದು. ನೀರು ಸರಿಯುವ ಕಾಲಕ್ಕೆ ಅಂಚಿನ ತಳದಲ್ಲಿ ಊಟದ ತಟ್ಟೆಯಂಥ ದುಂಡು ಗುಂಡಿಗಳು ಕಂಡರೆ ಅವು ತಿಲಾಪಿಯಾ ಗೂಡುಗಳು. ತಾಯಿಮೀನು ಮೊಟ್ಟೆ, ಮರಿಗಳನ್ನು ಎರಡು ಮೂರು ವಾರ ಬಾಯಲ್ಲೇ ಹೊತ್ತು ತಿರುಗುತ್ತದೆ. ಅಷ್ಟರೊಳಗೆ ಆ ಅಂಚಿನಲ್ಲಿ ಬಲೆ ಎಳೆಯಿರಿ.