ಈ ಕೋರ್ ಎಲ್ಲಿಂದ ಬಂತು? 1917–19ರ ಉಕ್ರೇನ್ ಸೇನೆಯ ಗೋಜಲು ಬಿಡಿಸುವ ನನ್ನ ದಾರಿ

1917ರಿಂದ 1920ರವರೆಗೆ ಉಕ್ರೇನಿನಲ್ಲಿ ನಡೆದ ಯುದ್ಧದ ಬಗ್ಗೆ ಓದಲು ಕೂತವರು ಹೆಚ್ಚಾಗಿ ಒಂದೇ ಜಾಗದಲ್ಲಿ ಪುಸ್ತಕ ಮುಚ್ಚಿಡುತ್ತಾರೆ. ‘ಒಂದನೇ ಕೋರ್’ ಅಂತ ಬರುತ್ತದೆ, ಕೋರ್ ಅಂದ್ರೆ ಸೇನೆಯ ಒಂದು ದೊಡ್ಡ ದಳ. ಸ್ವಲ್ಪ ಮುಂದೆ ಹೋದರೆ ಮತ್ತೊಂದು ಒಂದನೇ ಕೋರ್. ಕಮಾಂಡರ್ ಬೇರೆ, ಊರು ಬೇರೆ, ಶತ್ರುವೂ ಬೇರೆ. ಆಮೇಲೆ ಮೂರನೆಯದೊಂದು. 1917ರ ಮಧ್ಯದಲ್ಲಿ ಕಟ್ಟಿದ್ದು ಒಂದನೇ ಉಕ್ರೇನಿಯನ್ ಕೋರ್. 1918ರಲ್ಲಿ ಹೆಟ್ಮನ್ (ಉಕ್ರೇನ್ ಆಳುವವನ ಹಳೆಯ ಕೊಸಾಕ್ ಬಿರುದು) ಸರ್ಕಾರದ್ದು ಒಂದನೇ ವೊಲಿನ್ ಕೋರ್. 1919ರ ಜನವರಿಯಲ್ಲಿ ಪಶ್ಚಿಮ ಉಕ್ರೇನಿನ ಗಲಿಷಿಯನ್ ಸೇನೆಯ ಒಂದನೇ ಕೋರ್. ಮೂರೂ ಬೇರೆ ಬೇರೆ ಸೇನೆಗಳವು. ಎಲ್ಲಾ ಒಂದೇ ಅಂದುಕೊಂಡರೆ ಮುಂದಿನ ಓದು ಪೂರ್ತಿ ಹಾಳು.

ನನ್ನ ಉಪಾಯ ಸರಳ. ಒಂದು ರೂಲ್ಡ್ ನೋಟ್‌ಬುಕ್ ತಗೊಳ್ಳಿ. ಒಂದು ಕೋರ್‌ಗೆ ಒಂದು ಪುಟ. ಮೇಲೆ ಹೆಸರು, ಕೆಳಗೆ ಈ ಪ್ರಶ್ನೆಗಳು: ಹುಟ್ಟಿದ್ದು ಯಾವಾಗ, ಮುಂಚೆ ಏನಾಗಿತ್ತು, ಜನ ಎಲ್ಲಿಂದ, ಅಧಿಕಾರಿಗಳು ಎಲ್ಲಿಂದ, ಬೂಟು-ಊಟ ಯಾರ ಕಡೆಯಿಂದ, ಯಾವ ರೈಲ್ವೆ ಸ್ಟೇಷನ್, ಕೊನೆಗೆ ಏನಾಯಿತು. ಯುದ್ಧದ ವರ್ಣನೆ ಬರೆಯಬೇಡಿ. ಅದು ಪುಸ್ತಕದಲ್ಲಿ ಬೇಕಾದಷ್ಟಿದೆ.

ಮೊದಲು ತಾರೀಖಿನ ಕಾಟ ಮುಗಿಸಿಕೊಳ್ಳಿ. ರಷ್ಯನ್ ಸಾಮ್ರಾಜ್ಯದಲ್ಲಿ ಹಳೆಯ ಕ್ಯಾಲೆಂಡರ್ ಇತ್ತು, ಹೊಸದಕ್ಕಿಂತ 13 ದಿನ ಹಿಂದೆ. ಪೆಟ್ರೊಗ್ರಾಡಿನಲ್ಲಿ ಬೋಲ್ಶೆವಿಕರು ಅಧಿಕಾರ ಹಿಡಿದದ್ದು ಹೊಸ ಲೆಕ್ಕದಲ್ಲಿ 1917ರ ನವೆಂಬರ್ 7. ಕೀವ್‌ನ ಸೆಂಟ್ರಲ್ ರಾಡಾ (ಉಕ್ರೇನಿಯನ್ನರ ಆಗಿನ ಪ್ರತಿನಿಧಿ ಸಭೆ) ಮೂರನೇ ಯೂನಿವರ್ಸಲ್ ಅನ್ನುವ ಘೋಷಣಾ ಪತ್ರ ಹೊರಡಿಸಿ ಉಕ್ರೇನಿಯನ್ ಪೀಪಲ್ಸ್ ರಿಪಬ್ಲಿಕ್ ಘೋಷಿಸಿದ್ದು ಹಳೆಯ ಲೆಕ್ಕದಲ್ಲಿ ನವೆಂಬರ್ 7. ಎರಡೂ ಒಂದೇ ದಿನ ಅಂತ ಬರೆದುಕೊಂಡುಬಿಡುವುದು ಎಷ್ಟು ಸುಲಭ ನೋಡಿ. ರಾಡಾದ ಘೋಷಣೆ ಹೊಸ ಲೆಕ್ಕಕ್ಕೆ ನವೆಂಬರ್ 20 ಆಗುತ್ತದೆ. ಈ ರಿಪಬ್ಲಿಕ್ 1918ರ ಫೆಬ್ರವರಿ 16ರ ಜಾಗದಲ್ಲಿ ಮಾರ್ಚ್ 1 ಅಂತ ಹಾಕಿ ಹೊಸ ಕ್ಯಾಲೆಂಡರ್‌ಗೆ ಬಂತು. ಗಲಿಷಿಯಾ ಆಸ್ಟ್ರಿಯಾದ ಕೈಲಿ ಇದ್ದಿದ್ದರಿಂದ ಅಲ್ಲಿ ಸರ್ಕಾರಿ ಲೆಕ್ಕ ಮುಂಚಿನಿಂದಲೂ ಹೊಸದೇ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಹೊಸ ಲೆಕ್ಕಕ್ಕೆ ತಂದು ಬರೆಯಿರಿ. ಹಳೆಯದು ಬೇಕಿದ್ದರೆ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಇರಲಿ.

ಊರ ಹೆಸರುಗಳಿಗೂ ಒಂದು ಪುಟ ಬಿಡಿ. ಆಗಿನ ಪ್ರೊಸ್ಕುರಿವ್ ಇವತ್ತಿನ ಖ್ಮೆಲ್ನಿಟ್ಸ್ಕಿ. ಸ್ಟಾನಿಸ್ಲಾವಿವ್ ಈಗ ಇವಾನೊ-ಫ್ರಾಂಕಿವ್ಸ್ಕ್. ಕಟೆರಿನೊಸ್ಲಾವ್ ಅಂದ್ರೆ ದ್ನಿಪ್ರೊ. ಲ್ವಿವ್ ಅಂತೂ ಲೆಂಬರ್ಗ್, ಲ್ವೂವ್ ಅಂತ ಮೂರು ವೇಷದಲ್ಲಿ ಬರುತ್ತದೆ.

ಈಗ ಮುಖ್ಯ ಪ್ರಶ್ನೆ: ಈ ಕೋರ್ ಮುಂಚೆ ಏನಾಗಿತ್ತು? ಕೋರ್ ಅಂದ್ರೆ ಎರಡು-ಮೂರು ಡಿವಿಷನ್ ಸೇರಿದ ದೊಡ್ಡ ದಳ. ಅಷ್ಟು ದೊಡ್ಡದು ಕ್ರಾಂತಿಯ ಮಧ್ಯೆ ಶೂನ್ಯದಿಂದ ಹುಟ್ಟುವುದಿಲ್ಲ. ಹಳೆಯ ನಂಬರ್ ಹುಡುಕಿ. ಒಂದನೇ ಉಕ್ರೇನಿಯನ್ ಕೋರ್‌ನ ಹಿಂದೆ ಇದ್ದದ್ದು ತ್ಸಾರ್ ಸೇನೆಯ 34ನೇ ಕೋರ್. ಅದರಲ್ಲಿದ್ದ 104ನೇ ಮತ್ತು 153ನೇ ಕಾಲಾಳು ಡಿವಿಷನ್‌ಗಳು ಒಂದನೇ, ಎರಡನೇ ಉಕ್ರೇನಿಯನ್ ಡಿವಿಷನ್‌ಗಳಾದವು. ಫಿರಂಗಿ ಅದೇ, ಅಡುಗೆ ಗಾಡಿ ಅದೇ, ಜನರಲ್ ಕೂಡ ಅದೇ ಪಾವ್ಲೋ ಸ್ಕೊರೊಪಾಡ್ಸ್ಕಿ. ಬದಲಾಗಿದ್ದು ಒಳಗಿನ ಸೈನಿಕರು.

ಈ ಬದಲಾವಣೆ ಯಾರಿಗೆ ಬೇಕಿತ್ತು ಅನ್ನುವುದನ್ನು ತಪ್ಪದೆ ಬರೆದುಕೊಳ್ಳಿ, ಏಕೆಂದರೆ ಉತ್ತರ ಯಾರೂ ಎಣಿಸದ ಕಡೆಯಿಂದ ಬರುತ್ತದೆ. ರಾಡಾ ಕೇಳಿ ಕೊಡಿಸಿದ್ದಲ್ಲ. ರಷ್ಯನ್ ಸೇನೆಯ ನೈಋತ್ಯ ಯುದ್ಧರಂಗದ ಕಮಾಂಡರ್ ಆಗಿ ಬಂದ ಜನರಲ್ ಕೊರ್ನಿಲೋವ್ ಹೇಳಿದ್ದು. ಉಕ್ರೇನ್ ಸ್ವತಂತ್ರ ಆಗಲಿ ಅಂತ ಅವನಿಗೆ ಕನಸಿನಲ್ಲೂ ಆಸೆ ಇರಲಿಲ್ಲ. ರಷ್ಯಾದ ಆಗಿನ ಯುದ್ಧ ಮಂತ್ರಿ ಕೆರೆನ್ಸ್ಕಿ ಮಾಡಿಸಿದ ಬೇಸಿಗೆಯ ದಾಳಿ ಸೋತಿತ್ತು. ಸೈನಿಕರು ಸಮಿತಿ ಮಾಡಿಕೊಂಡು ಮುಂದೆ ಹೋಗಬೇಕೋ ಬೇಡವೋ ಅಂತ ವೋಟು ಹಾಕುತ್ತಿದ್ದರು. ಒಂದೇ ನಾಡಿನವರನ್ನು ಒಟ್ಟಿಗೆ ಹಾಕಿದರೆ ಶಿಸ್ತು ಉಳಿದೀತು, ಕಾದಾಡಿಯಾರು ಅನ್ನುವುದು ಅವನ ಲೆಕ್ಕ. ಸ್ಕೊರೊಪಾಡ್ಸ್ಕಿಗೂ ಮೊದಲಿಗೆ ಮನಸ್ಸಿರಲಿಲ್ಲ. ಅವನು ಗಾರ್ಡ್ಸ್ ಅಶ್ವದಳದ ಮನುಷ್ಯ, ದೊಡ್ಡ ಜಮೀನ್ದಾರ, ಪೂರ್ವಜರಲ್ಲಿ ಹೆಟ್ಮನ್ ಇದ್ದ ಮನೆತನ. ಕೀವ್‌ಗೆ ಹೋಗಿ ರಾಡಾದವರನ್ನು ನೋಡಿದ. ಆ ಸಮಾಜವಾದಿಗಳು ಅವನಿಗೆ ಹಿಡಿಸಲಿಲ್ಲ, ಅವರಿಗೂ ಅವನ ಮೇಲೆ ಅನುಮಾನ. ನನಗಂತೂ ಸ್ಕೊರೊಪಾಡ್ಸ್ಕಿ ಅಂದ್ರೆ ಅಷ್ಟಕ್ಕಷ್ಟೆ. ಆದರೂ ಆ ಬೇಸಿಗೆಯಲ್ಲಿ ಅವನ ಕೋರ್ ಪೂರ್ತಿ ಚದುರಿ ಹೋಗಲಿಲ್ಲ ಅನ್ನುವುದು ದೊಡ್ಡ ಮಾತೇ.

ಜನ ಎಲ್ಲಿಂದ ಅನ್ನುವ ಸಾಲಿಗೆ ಬನ್ನಿ. ಕೋರನ್ನು ಮೆಡ್ಜಿಬಿಜ್ ಕಡೆಗೆ ಹಿಂದಕ್ಕೆ ತಂದು, ಉಕ್ರೇನಿಯನ್ನರಲ್ಲದವರನ್ನು ಬೇರೆ ದಳಗಳಿಗೆ ಕಳಿಸಿ, ಅವರ ಜಾಗಕ್ಕೆ ಬೇರೆ ದಳಗಳ ಉಕ್ರೇನಿಯನ್ನರನ್ನು ತುಂಬಿದರು. ಹೇಳುವಾಗ ಒಂದೇ ವಾಕ್ಯ. ಮಾಡುವಾಗ ಹೇಗಿದ್ದಿರಬಹುದು ಯೋಚಿಸಿ. ಹೋಗುವವನಿಗೆ ಸಿಟ್ಟು, ಬರುವವನು ಗುರುತಿಲ್ಲದವನು, ಮಧ್ಯೆ ನಿಂತ ಸಾರ್ಜೆಂಟ್‌ಗೆ ಯಾರು ತನ್ನ ಪಟ್ಟಿಯಲ್ಲಿದ್ದಾರೆ ಅಂತಲೇ ಗೊತ್ತಿಲ್ಲ. ಕೋರ್‌ನ ಬಲ 60,000 ಅಂತ ಎಷ್ಟೋ ಕಡೆ ಓದುತ್ತೀರಿ. ಆ ಅಂಕಿಯನ್ನು ಬರೆದುಕೊಳ್ಳಿ, ಆದರೆ ಮುಂದೆ ‘ಯಾವ ತಿಂಗಳು?’ ಅಂತ ಒಂದು ಪ್ರಶ್ನೆ ಚಿಹ್ನೆ ಹಾಕಿ. ಈ ಯುದ್ಧದಲ್ಲಿ ತಿಂಗಳಿಲ್ಲದ ಅಂಕಿಗೆ ಬೆಲೆ ಇಲ್ಲ.

ನನ್ನ ನೌಕರಿಯೆಲ್ಲ ಸ್ಟೋರ್ಸ್ ವಿಭಾಗದಲ್ಲೇ ಕಳೆಯಿತು. ಇಂಡೆಂಟ್ ಬಂತು, ಸ್ಟಾಕ್ ಇಲ್ಲ, ಸಹಿ ಹಾಕುವವರು ರಜೆ. ಈ ರಾಗ ನನಗೆ ಬಾಯಿಪಾಠ. ಅದಕ್ಕೇ ಇರಬೇಕು, ಎಲ್ಲರೂ ಧ್ವಜದ ಬಗ್ಗೆ ಓದುವಾಗ ನಾನು ಬೂಟಿನ ಬಗ್ಗೆ ಹುಡುಕುತ್ತೇನೆ. ನೀವೂ ಹುಡುಕಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. 1917ರ ಚಳಿಗಾಲಕ್ಕೆ ಒಂದನೇ ಕೋರ್‌ಗೆ ಬೆಚ್ಚನೆ ಬಟ್ಟೆ, ಬೂಟು, ಕುದುರೆಗೆ ಮೇವು ಯಾವುದೂ ಸಾಕಷ್ಟು ಬರಲಿಲ್ಲ. ಹಳೆಯ ರಷ್ಯನ್ ಸರಬರಾಜು ಕುಸಿದಿತ್ತು, ರಾಡಾಗೆ ಇನ್ನೂ ಸ್ವಂತ ವ್ಯವಸ್ಥೆ ಇರಲಿಲ್ಲ. ಇದ್ದ ಕಡೆಯೂ ಜಮೀನ್ದಾರ ಜನರಲ್‌ಗೆ ಕೊಡಲು ಮನಸ್ಸಿರಲಿಲ್ಲ. ಜೊತೆಗೆ ಊರಲ್ಲಿ ಜಮೀನು ಹಂಚುತ್ತಾರೆ ಅನ್ನುವ ಸುದ್ದಿ. ರೈತನ ಮಗ ಬರಿಗಾಲಲ್ಲಿ ಎಷ್ಟು ದಿನ ನಿಂತಾನು?

ಆಮೇಲೆ ರೈಲ್ವೆ ಮ್ಯಾಪ್ ಬಿಡಿಸಿ. ಸುಮ್ನೆ ಒಂದು ಗೆರೆ ನಕ್ಷೆ ಸಾಕು. ವಿನ್ನಿತ್ಸಿಯಾ, ಜ್ಮೆರಿಂಕಾ, ಕೊಜ್ಯಾಟಿನ್, ಶೆಪೆಟಿವ್ಕಾ, ಬಿಲಾ ತ್ಸೆರ್ಕ್ವಾ ಗುರುತು ಮಾಡಿ. ರಂಗದಿಂದ ಕೀವ್‌ಗೆ ಹೋಗುವ ರೈಲುಗಳು ಈ ಜಂಕ್ಷನ್‌ಗಳನ್ನು ದಾಟಲೇಬೇಕು. ಜ್ಮೆರಿಂಕಾದಲ್ಲಿದ್ದ ಎರಡನೇ ಗಾರ್ಡ್ಸ್ ಕೋರ್ ಬೋಲ್ಶೆವಿಕರ ಕಡೆ ವಾಲಿ, ಯೆವ್ಗೇನಿಯಾ ಬೋಶ್ ಅವರ ಪ್ರಭಾವದಲ್ಲಿ ಕೀವ್ ಕಡೆ ಹೊರಟಾಗ, ಸ್ಕೊರೊಪಾಡ್ಸ್ಕಿಯ ಜನ ಈ ಜಂಕ್ಷನ್‌ಗಳಲ್ಲೇ ರೈಲು ತಡೆದು, ಆಯುಧ ಇಳಿಸಿಕೊಂಡು, ಬೇರೆ ದಾರಿಯಲ್ಲಿ ರಷ್ಯಾಗೆ ಸಾಗಹಾಕಿದರು. ಕೋರ್ ಮಾಡಿದ ಅತಿ ಮುಖ್ಯ ಕೆಲಸ ಇದೇ. ನಕ್ಷೆ ಇಲ್ಲದಿದ್ದರೆ ಇದು ಯಾಕೆ ಮುಖ್ಯ ಅಂತಲೇ ಗೊತ್ತಾಗುವುದಿಲ್ಲ.

ಈ ಪುಟದ ಕೊನೆ ಸಾಲು: ರಾಡಾದ ಜೊತೆ ಹೊಂದಿಕೆಯಾಗದೆ ಸ್ಕೊರೊಪಾಡ್ಸ್ಕಿ ರಾಜೀನಾಮೆ ಕೊಟ್ಟ. ಹಳೆಯ ಲೆಕ್ಕದಲ್ಲಿ 1917ರ ಡಿಸೆಂಬರ್ ಕೊನೆ, ಹೊಸ ಲೆಕ್ಕದಲ್ಲಿ 1918ರ ಜನವರಿ. ಜನರಲ್ ಯಾಕಿವ್ ಹಂಡ್ಜ್ಯುಕ್ ಬಂದರು. ಫೆಬ್ರವರಿಯಲ್ಲಿ ಬೋಲ್ಶೆವಿಕ್ ಕಮಾಂಡರ್ ಮುರವ್ಯೋವ್‌ನ ಪಡೆ ಕೀವ್ ಹಿಡಿದಾಗ ಹಂಡ್ಜ್ಯುಕ್ ಅವರನ್ನು ಕೊಂದರು. ಅಷ್ಟರಲ್ಲಿ ಸೈನಿಕರಲ್ಲಿ ಹೆಚ್ಚಿನವರು ಮನೆ ಸೇರಿದ್ದರು.

ಹೆಟ್ಮನ್ ಕಾಲದ ಕೋರ್‌ಗಳಿಗೆ ಜಾಸ್ತಿ ಸಮಯ ಬೇಡ. 1918ರ ಏಪ್ರಿಲ್ 29ರಂದು ಅದೇ ಸ್ಕೊರೊಪಾಡ್ಸ್ಕಿ ಜರ್ಮನ್ನರ ಬೆಂಬಲದಿಂದ ಹೆಟ್ಮನ್ ಆದ. ಎಂಟು ಕೋರ್‌ಗಳ ಯೋಜನೆ ಬಂತು: ವೊಲಿನ್, ಪೊಡಿಲ್ಯಾ, ಖೆರ್ಸೊನ್, ಕೀವ್, ಚೆರ್ನಿಹಿವ್, ಪೊಲ್ಟಾವಾ, ಖಾರ್ಕಿವ್, ಕಟೆರಿನೊಸ್ಲಾವ್. ಅಧಿಕಾರಿಗಳು ಇದ್ದರು, ಕಚೇರಿ ಇತ್ತು, ಸೀಲು ಇತ್ತು. ಸೈನಿಕರೇ ಇರಲಿಲ್ಲ, ದೊಡ್ಡ ಸೇನೆ ಬೆಳೆಯುವುದು ಜರ್ಮನ್ನರಿಗೂ ಬೇಕಿರಲಿಲ್ಲ. ಈ ಎಂಟಕ್ಕೂ ಸೇರಿ ಒಂದೇ ಪುಟ ಇಟ್ಟುಕೊಳ್ಳಿ, ಮೇಲೆ ‘ಕಾಗದದ ಮೇಲೆ’ ಅಂತ ಬರೆಯಿರಿ.

ಝಪೊರೀಝಿಯನ್ ಕೋರ್ ಹುಟ್ಟಿದ ರೀತಿ ಇದಕ್ಕೆ ಪೂರ್ತಿ ಉಲ್ಟಾ, ಹಾಗಾಗಿ ಎದುರು-ಬದುರು ಪುಟದಲ್ಲಿ ಬರೆದರೆ ಚೆನ್ನ. ಮೇಲಿನಿಂದ ಆದೇಶ ಬಂದು ಹುಟ್ಟಿದ್ದಲ್ಲ ಇದು. 1918ರ ಫೆಬ್ರವರಿ 9ರಂದು ಕೀವ್ ಬಿಟ್ಟು ಹಿಂದೆ ಸರಿದ ಚೂರುಪಾರು ದಳಗಳನ್ನು ಹ್ನಾತಿವ್ಕಾ ಹಳ್ಳಿಯಲ್ಲಿ ಜನರಲ್ ಪ್ರಿಸೊವ್ಸ್ಕಿ ಒಟ್ಟು ಮಾಡಿದ. ಕೆಲವು ಸಾವಿರ ಜನ ಅಷ್ಟೆ. ಮಾರ್ಚ್ ಹೊತ್ತಿಗೆ ಕೀವ್‌ಗೆ ವಾಪಸ್ ಬಂದು ಡಿವಿಷನ್ ಆಯಿತು. ಏಪ್ರಿಲ್‌ನಲ್ಲಿ ಪೆತ್ರೋ ಬೊಲ್ಬೊಚಾನ್ ಒಂದು ಭಾಗವನ್ನು ಕ್ರೈಮಿಯಾಗೆ ನುಗ್ಗಿಸಿದ. ಜರ್ಮನ್ನರು ಗದರಿಸಿ ಹೊರಗೆ ಕಳಿಸಿದರು. ವರ್ಷದ ಕೊನೆಗೆ, ಹೆಟ್ಮನ್ ವಿರುದ್ಧದ ದಂಗೆಯಲ್ಲಿ, ಬೊಲ್ಬೊಚಾನ್ ಕೈಯಲ್ಲಿ ಅದು ಕೋರ್ ಆಗಿ ದ್ನಿಪ್ರೊ ನದಿಯ ಎಡದಂಡೆಯಲ್ಲಿ ಕಾದಾಡುತ್ತಿತ್ತು. 1919ರ ಜನವರಿಯಲ್ಲಿ ಅವನನ್ನು ಅವನ ಕಡೆಯವರೇ ಬಂಧಿಸಿದರು, ಜೂನ್ 28ರಂದು ಗುಂಡಿಟ್ಟರು. ಒಂದು ಎಚ್ಚರಿಕೆ: ಈ ಕೋರ್‌ಗೆ ಹೆಸರು ಬಂದದ್ದು ಹಳೆಯ ಕೊಸಾಕ್‌ಗಳಿಂದ. ಈಗಿನ ಝಪೊರೀಝಿಯಾ ನಗರವನ್ನು ಆಗ ಒಲೆಕ್ಸಾಂದ್ರಿವ್ಸ್ಕ್ ಅನ್ನುತ್ತಿದ್ದರು. ನಕ್ಷೆಯಲ್ಲಿ ಅಲ್ಲಿ ಪಿನ್ ಚುಚ್ಚಬೇಡಿ.

ಗಲಿಷಿಯನ್ ಸೇನೆಗೆ ಬೇರೆ ಬಣ್ಣದ ಪೆನ್ ಬಳಸಿ. ಇವರು ಆಸ್ಟ್ರಿಯಾ ಸೇನೆಯಲ್ಲಿ ಪಳಗಿದವರು. ಅವರ ರೈಲು ಹಳಿಯ ಅಗಲವೂ ಬೇರೆ. ಪೊಲೆಂಡ್ ಜೊತೆ ಯುದ್ಧ ನಡೆಯುತ್ತಿದ್ದಾಗಲೇ, 1919ರ ಜನವರಿಯಲ್ಲಿ, ಒಮೆಲ್ಯಾನೊವಿಚ್-ಪಾವ್ಲೆಂಕೊ ಮುಖ್ಯ ಕಮಾಂಡರ್ ಆಗಿರುವಾಗ ಸೇನೆಯನ್ನು ಮೂರು ಕೋರ್ ಮಾಡಿದರು. ಉತ್ತರಕ್ಕೆ ಒಂದು, ಲ್ವಿವ್ ಎದುರಿಗೆ ಎರಡು, ದಕ್ಷಿಣದ ಸ್ಟ್ರಿಯ್ ಕಡೆ ಮೂರು. ಇಲ್ಲಿ ಡಿವಿಷನ್ ಹುಡುಕಬೇಡಿ. ಕೋರ್‌ನ ಕೆಳಗೆ ನೇರ ಬ್ರಿಗೇಡ್. ಅದರ ಕೆಳಗೆ ಕುರೀನ್, ಅಂದ್ರೆ ಬೆಟಾಲಿಯನ್. ಅದರ ಕೆಳಗೆ ಸೋತ್ನ್ಯಾ, ಅಂದ್ರೆ ಕಂಪನಿ.

ಅಧಿಕಾರಿಗಳ ಸಾಲು ಇಲ್ಲಿ ಸ್ವಾರಸ್ಯ. ಆಸ್ಟ್ರಿಯಾ ಸೇನೆಯಲ್ಲಿ ಮೇಲಿನ ಹುದ್ದೆಗೆ ಏರಿದ ಉಕ್ರೇನಿಯನ್ನರು ಕಡಿಮೆ. ಅದಕ್ಕೆ ಜರ್ಮನ್ ಮೂಲದ ಅಧಿಕಾರಿಗಳನ್ನೂ ಸೇರಿಸಿಕೊಂಡರು. ಮೂರನೇ ಕೋರ್ ನಡೆಸಿದ ಆಂಟೊನ್ ಕ್ರಾವ್ಸ್ ಅವರಲ್ಲೊಬ್ಬ. ಬೂಟು-ಊಟದ ಸಾಲಿನಲ್ಲಿ ಎಣ್ಣೆ ಬರೆಯಿರಿ. ಡ್ರೊಹೊಬಿಚ್, ಬೊರಿಸ್ಲಾವ್ ಬಾವಿಗಳ ಎಣ್ಣೆ ಕೊಟ್ಟು ಚೆಕೊಸ್ಲೊವಾಕಿಯಾ, ಹಂಗೇರಿಯಿಂದ ಸಾಮಾನು ತರಿಸುತ್ತಿದ್ದರು. 1919ರ ಮೇ ತಿಂಗಳಲ್ಲಿ ಪೋಲಿಷ್ ಸೇನೆ ಆ ಬಾವಿಗಳನ್ನು ಹಿಡಿಯಿತು. ಜೂನ್‌ನಲ್ಲಿ ಚೊರ್ಟ್ಕಿವ್ ಕಡೆಯಿಂದ ಗಲಿಷಿಯನ್ನರು ಅದ್ಭುತವಾಗಿ ಮುನ್ನುಗ್ಗಿದರು, ಸೇರಲು ಹುಡುಗರು ಸಾಲುಗಟ್ಟಿ ಬಂದರು. ಕೊಡಲು ಬಂದೂಕಿಲ್ಲ, ಇದ್ದ ಬಂದೂಕಿಗೆ ಗುಂಡಿಲ್ಲ. ಸ್ಟೋರ್ಸ್ ಖಾಲಿ ಆದಮೇಲೆ ಶೌರ್ಯ ಏನು ಮಾಡೀತು, ಅಲ್ವಾ? ಜುಲೈ ಮಧ್ಯಕ್ಕೆ ಜ್ಬ್ರೂಚ್ ನದಿ ದಾಟಿ ಪೂರ್ವಕ್ಕೆ ಹೋದರು.

‘ಕೊನೆಗೆ ಏನಾಯಿತು’ ಸಾಲನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಗಲಿಷಿಯನ್ ಸೇನೆಗೆ 1919ರ ಶರತ್ಕಾಲದಲ್ಲಿ ಟೈಫಸ್ ಬಡಿಯಿತು. ನವೆಂಬರ್‌ನಲ್ಲಿ ಬೋಲ್ಶೆವಿಕರ ವಿರುದ್ಧ ಕಾದಾಡುತ್ತಿದ್ದ ರಷ್ಯನ್ ಜನರಲ್ ಡೆನಿಕಿನ್ ಜೊತೆ ಒಪ್ಪಂದ, 1920ರಲ್ಲಿ ಬೋಲ್ಶೆವಿಕರ ಕೆಂಪು ಸೇನೆ ಜೊತೆ. ಕೋರ್‌ಗಳು ಕುಗ್ಗಿ ಬ್ರಿಗೇಡ್‌ಗಳಾದವು. ಅದೇ ಜನ, ಹೊಸ ತಲೆಬರಹ. ಹೊಸ ಪುಟ ಶುರುಮಾಡದೆ ಹಳೆಯ ಪುಟದಲ್ಲೇ ಬಾಣ ಹಾಕಿ ಮುಂದುವರಿಸಿ.

ಪುಟಗಳು ಸರಿ ಬಂದಿವೆಯಾ ಅಂತ ನೋಡಲು 1919ರ ಆಗಸ್ಟ್ 30 ಮತ್ತು 31ರ ಕೀವ್ ತಗೊಳ್ಳಿ. ಕೆಂಪು ಸೇನೆ ಹೊರಟಿತ್ತು. ಪಶ್ಚಿಮದಿಂದ ಕ್ರಾವ್ಸ್‌ನ ಗಲಿಷಿಯನ್ನರೂ ಸಾಲ್ಸ್ಕಿಯ ಝಪೊರೀಝಿಯನ್ನರೂ ಬಂದರು, ಪೂರ್ವದಿಂದ ಡೆನಿಕಿನ್‌ನ ಸೇನೆ. ನಗರಸಭೆ ಕಟ್ಟಡದ ಮೇಲಿನ ರಷ್ಯನ್ ಧ್ವಜ ಇಳಿಸಲು ಸಾಲ್ಸ್ಕಿ ಹೇಳಿದ, ಗಲಾಟೆ ಆಯಿತು. ಕ್ರಾವ್ಸ್ ಮಾತುಕತೆಗೆ ಹೋಗಿ ನಗರ ಬಿಟ್ಟುಕೊಟ್ಟ. ಒಂದೇ ಕಡೆಯ ಎರಡು ಕೋರ್‌ಗಳು ಒಂದೇ ಚೌಕದಲ್ಲಿ ಇಷ್ಟು ಬೇರೆಯಾಗಿ ಯಾಕೆ ನಡೆದುಕೊಂಡವು? ಇಬ್ಬರ ಪುಟಗಳನ್ನೂ ಪಕ್ಕಪಕ್ಕ ಇಟ್ಟು ‘ಅಧಿಕಾರಿಗಳು ಎಲ್ಲಿಂದ’ ಅನ್ನುವ ಸಾಲು ಓದಿ. ಅಲ್ಲಿ ಉತ್ತರ ಸಿಗದಿದ್ದರೆ ಆ ಸಾಲು ಇನ್ನೂ ತುಂಬಿಲ್ಲ ಅಂತ ಅರ್ಥ.