ಹಾಲಿನ ಡೈರಿಯಿಂದ ವ್ಯಾಪಾರ ಒಪ್ಪಂದದವರೆಗೆ: ನನ್ನ ಅನುಭವ

ವಿದೇಶಗಳೊಂದಿಗೆ ಸರ್ಕಾರ ನಡೆಸುವ ಮಾತುಕತೆ ಸಾಮಾನ್ಯರ ಕೈಗೆ ಎಟುಕುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಆರ್‌ಸಿಇಪಿ (ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವ) ಎಂಬ ಹಲವು ದೇಶಗಳ ವ್ಯಾಪಾರ ಒಪ್ಪಂದದ ಚರ್ಚೆ ಬಿರುಸಾಗಿದ್ದಾಗ ನಾನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದೆ. ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ಆಗಿನ 10 ದೇಶಗಳು, ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಜೊತೆ ಭಾರತವೂ ಆ ಮಾತುಕತೆಯಲ್ಲಿತ್ತು. ನ್ಯೂಜಿಲೆಂಡಿನ ಹಾಲಿನ ಪುಡಿ ಕಡಿಮೆ ಸುಂಕದಲ್ಲಿ ಬಂದಿಳಿದರೆ ನಮ್ಮ ಹಾಲಿನ ದರ ಕುಸಿಯುತ್ತದೆ ಎಂಬ ಆತಂಕ ಸದಸ್ಯರೆಲ್ಲರಿಗೂ ಇತ್ತು.

ಇಂಥ ಒಪ್ಪಂದಗಳ ಹೊಣೆ ವಾಣಿಜ್ಯ ಸಚಿವಾಲಯದ್ದು. ಸಹಿಗೆ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮ ನಮ್ಮ ಸಂವಿಧಾನದಲ್ಲಿ ಇಲ್ಲದ ಕಾರಣ, ಹೇಳಬೇಕಾದದ್ದನ್ನು ಮಾತುಕತೆ ನಡೆಯುತ್ತಿರುವಾಗಲೇ ಹೇಳಬೇಕು. ನಾವು ನಮ್ಮ ಸಂಸದರಿಗೆ ಮನವಿ ಬರೆದೆವು. ಘೋಷಣೆಗಳನ್ನು ಬಿಟ್ಟು, ಹಾಲಿನ ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನಮೂದಾದ ಒಂದು ವಾರದ ಬಟವಾಡೆ ಪಟ್ಟಿಯನ್ನು ಸದಸ್ಯರ ಹೆಸರು ಮರೆಮಾಡಿ ಲಗತ್ತಿಸಿದೆವು; ಒಂದೆರಡು ಹಸು ಕಟ್ಟಿಕೊಂಡ ಮನೆಗಳೇ ಹೆಚ್ಚೆಂಬುದನ್ನೂ, ಹಿಂಡಿ, ಬೂಸಾದ ಖರ್ಚು ಕಳೆದರೆ ಲೀಟರಿಗೆ ಉಳಿಯುವುದೆಷ್ಟು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದೆವು. ಮಾತಿನ ಮನವಿಗಿಂತ ಇಂಥ ಲೆಕ್ಕಕ್ಕೆ ಬೆಲೆ ಹೆಚ್ಚೆಂದು ನಾನು ದೃಢವಾಗಿ ನಂಬುತ್ತೇನೆ.

ಲೋಕಸಭೆಯ ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಗಡ ಸೂಚನೆ ಬೇಕಾದ್ದರಿಂದ, ಅಧಿವೇಶನ ಶುರುವಾಗುವ ಮುನ್ನವೇ ಪ್ರಶ್ನೆಯ ಕರಡನ್ನೂ ಸಂಸದರ ಕಚೇರಿಗೆ ಕೊಟ್ಟಿದ್ದೆವು: ಹಾಲಿನ ಪುಡಿಯ ಸುಂಕ ಇಳಿಸುವ ಪ್ರಸ್ತಾಪವಿದೆಯೇ, ಇದ್ದರೆ ಎಷ್ಟು ವರ್ಷಗಳಲ್ಲಿ, ಹಾಲು ಒಕ್ಕೂಟಗಳೊಡನೆ ಸಮಾಲೋಚನೆ ನಡೆದಿದೆಯೇ? ಮಾಹಿತಿ ಹಕ್ಕಿನಡಿ ಮಾತುಕತೆಯ ಕರಡನ್ನೇ ಕೇಳಿದರೆ ವಿದೇಶ ಸಂಬಂಧಕ್ಕೆ ಧಕ್ಕೆಯಾಗುವ ಮಾಹಿತಿಯನ್ನು ತಡೆಹಿಡಿಯಲು ಬಿಡುವ 8(1)(ಎ) ಕಲಮು ಅಡ್ಡಬರುತ್ತದೆ. ಆದ್ದರಿಂದ 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ ಯಾವ ಯಾವ ಸಂಘಟನೆಗಳ ಜೊತೆ ಯಾವ ದಿನ ಸಭೆ ನಡೆಯಿತು ಎಂದಷ್ಟೇ ಕೇಳಿದೆ.

ರಾಜ್ಯದ ಹಲವೆಡೆ ರೈತರು, ಹಾಲು ಒಕ್ಕೂಟಗಳು ದನಿಯೆತ್ತಿದ್ದವು, ನಮ್ಮದು ಅವುಗಳಲ್ಲೊಂದು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ತಾನು ಸೇರುವುದಿಲ್ಲವೆಂದು ಪ್ರಕಟಿಸಿತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು.

ಈಗ ಯಾವುದೇ ಹೊಸ ಒಪ್ಪಂದದ ಪಠ್ಯ ಪ್ರಕಟವಾದರೂ ಸುಂಕದ ಪಟ್ಟಿಯ 4ನೇ ಅಧ್ಯಾಯವನ್ನು ತೆರೆದು, ಹಾಲಿನ ಪುಡಿಯಿರುವ 0402 ಸಾಲನ್ನು ಮೊದಲು ನೋಡುತ್ತೇನೆ. 2022ರ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಹೈನು ಉತ್ಪನ್ನಗಳನ್ನು ಭಾರತ ರಿಯಾಯಿತಿಯಿಂದ ಹೊರಗಿಟ್ಟಿತ್ತು. ಅದನ್ನು ಸಂಘದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರಿಗೆ ವಿವರಿಸಿದೆ.